ತಪ್ತಕುಂಡದ ಮೆಟ್ಟಿಲ ಮೇಲೆ

ಬದರಿ ತಲುಪಿದಾಗ ಸಂಜೆಯಾಗಿತ್ತು. ಚಾರ್‌ಧಾಮ್ ಯಾತ್ರೆಯ ಕೊನೆಯ ಊರು. ಯಮುನೋತ್ರಿ, ಗಂಗೋತ್ರಿ ಮುಗಿಸಿ, ಕೇದಾರದ 16 ಕಿಲೋಮೀಟರ್ ಹತ್ತಿಳಿದು, ಜೋಶಿಮಠದ ದಾರಿಯಲ್ಲಿ ತಿರುವು ತಿರುವಿಗೂ ಜೀವ ಹಿಡಿದುಕೊಂಡು ಬಂದಿದ್ದೆವು. ರೂಮಿನಲ್ಲಿ ಅಮ್ಮನ ಸಾಕ್ಸ್ ತೆಗೆದೆ. ಪಾದ ಊದಿ, ನೂಲಿನ ಅಚ್ಚು ಚರ್ಮದ ಮೇಲೆ ಹಾಗೇ ಕೂತಿತ್ತು. ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು.

"ಬೆಳಗ್ಗೆ ಬೇಗ ಎದ್ದು ಬಿಸಿನೀರಿನ ಕುಂಡಕ್ಕೆ ಹೋಗೋಣ. ಮೈಕೈ ನೋವು ಸ್ವಲ್ಪ ಇಳಿಯುತ್ತೆ" ಅಂದಳು ಅಮ್ಮ.

ನನಗೆ ಸಣ್ಣದೊಂದು ಅಳುಕು. ಇಷ್ಟು ದೂರ ನಾರಾಯಣನನ್ನು ನೋಡಲು ಬಂದು, ಕಾಲುನೋವಿನ ಯೋಚನೆ ಮೊದಲು ಮಾಡೋದು ಸರಿಯಾ ಅಂತ. ಉಡುಪಿಯಿಂದ ಮಧ್ವಾಚಾರ್ಯರು ಈ ಬದರಿಗೆ ಬಂದದ್ದು ಬಸ್ಸು, ಕಾರು ಯಾವುದೂ ಇಲ್ಲದ ಕಾಲದಲ್ಲಿ. ನಾವೋ, ಕಾರಿನಿಂದ ಇಳಿದ ತಕ್ಷಣ ಸುಸ್ತು ಅನ್ನುತ್ತಿದ್ದೆವು.

ಬೆಳಗಿನ ಜಾವ ಅಲಕನಂದೆಯ ಸೇತುವೆ ದಾಟುವಾಗ ಮೂಗಿನ ತುದಿ ಮರಗಟ್ಟಿತ್ತು. ಬದರಿ ಇರೋದು 3,100 ಮೀಟರಿಗೂ ಜಾಸ್ತಿ ಎತ್ತರದಲ್ಲಿ. ಕೆಳಗೆ ಹಿಮ ಕರಗಿದ ನದಿ ಭೋರ್ಗರೆಯುತ್ತಿತ್ತು. ಅದರ ದಡದಲ್ಲೇ, ದೇವಸ್ಥಾನದ ಬುಡದಲ್ಲೇ, ತಪ್ತಕುಂಡದ ಹಬೆ ದೀಪದ ಬೆಳಕಿನಲ್ಲಿ ಬೆಳ್ಳಗೆ ಏಳುತ್ತಿತ್ತು. ಅಷ್ಟು ತಣ್ಣನೆಯ ನೀರಿನ ಪಕ್ಕದಲ್ಲಿ ಇಷ್ಟು ಬಿಸಿ ನೀರು! ಗಂಧಕದ ವಾಸನೆ ಗಾಳಿಯಲ್ಲೇ ಗೊತ್ತಾಯಿತು.

ಹೆಂಗಸರಿಗೆ ಬೇರೆ ಜಾಗ ಇದೆ. ಅಮ್ಮ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟಳು. ಚುರ್ ಅಂತು, ಎತ್ತಿಬಿಟ್ಟಳು. ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬರು ಸನ್ನೆಯಲ್ಲೇ ಹೇಳಿಕೊಟ್ಟರು: ಮೊದಲು ಚೊಂಬಿನಿಂದ ಪಾದಕ್ಕೆ, ಆಮೇಲೆ ಮೊಣಕಾಲಿಗೆ, ನಿಧಾನಕ್ಕೆ ಭುಜಕ್ಕೆ. ಜಾಸ್ತಿ ಹೊತ್ತು ಮುಳುಗಿ ಕೂರಬೇಡಿ, ತಲೆ ಸುತ್ತುತ್ತೆ, ಏಳುವಾಗ ಕೈ ಹಿಡಿದು ಏಳಿ. ಅವರ ಭಾಷೆ ನಮಗೆ ಅರ್ಧ ಅರ್ಥವಾಯಿತು, ಕೈ ಪೂರ್ತಿ ಅರ್ಥವಾಯಿತು. ಆಮೇಲೆ ಅವರು ಕೇಳದೆಯೇ ಅಮ್ಮನ ಬೆನ್ನಿಗೆ ಎರಡು ಚೊಂಬು ನೀರು ಹೊಯ್ದರು. ಅಮ್ಮ ಕಣ್ಣು ಮುಚ್ಚಿ "ನಾರಾಯಣಾ" ಅಂದಳು. ಅಷ್ಟು ಮನಸ್ಸು ಬಿಚ್ಚಿ ಅವಳು ಆ ಹೆಸರು ಕರೆದದ್ದನ್ನು ಇಡೀ ಯಾತ್ರೆಯಲ್ಲಿ ನಾನು ಕೇಳಿರಲಿಲ್ಲ.

ಈ ಕುಂಡಕ್ಕೆ ಅಗ್ನಿತೀರ್ಥ ಅಂತಲೂ ಹೆಸರು. ಭೃಗು ಮಹರ್ಷಿಯ ಶಾಪದಿಂದ ಅಗ್ನಿ ಸರ್ವಭಕ್ಷಕನಾದ. ಸಿಕ್ಕಿದ್ದನ್ನೆಲ್ಲ ತಿನ್ನಲೇಬೇಕಾದ ಆ ದೋಷ ಕಳೆದುಕೊಳ್ಳಲು ಬದರಿಗೆ ಬಂದು ನಾರಾಯಣನ ಮೊರೆಹೊಕ್ಕ, ಇಲ್ಲೇ ನೀರಿನಲ್ಲಿ ನೆಲೆನಿಂತ ಅನ್ನುತ್ತದೆ ಸ್ಥಳಪುರಾಣ. ನನಗೆ ಈ ಕಥೆ ತುಂಬಾ ಇಷ್ಟ. ಎಲ್ಲವನ್ನೂ ಸುಡುವವನಿಗೆ ದೇವರು ಕೊಟ್ಟ ಕೆಲಸ ನೋಡಿ. ಚಳಿಯಲ್ಲಿ ನಡುಗುತ್ತಾ ಬಂದವರ ಮೈ ಬೆಚ್ಚಗೆ ಮಾಡೋದು! ಯಮುನೋತ್ರಿಯಲ್ಲೂ ಅವನದೇ ಕೆಲಸ. ಅಲ್ಲಿನ ಸೂರ್ಯಕುಂಡದ ನೀರು ಸುಮಾರು 88 ಡಿಗ್ರಿ ಸೆಲ್ಸಿಯಸ್. ಬಟ್ಟೆಯಲ್ಲಿ ಅಕ್ಕಿ ಕಟ್ಟಿ ಇಳಿಬಿಟ್ಟು, ಬೆಂದ ಅನ್ನವನ್ನೇ ಪ್ರಸಾದ ಅಂತ ತಂದಿದ್ದೆವು.

ಮಳೆ ನೀರು, ಹಿಮದ ನೀರು ಬಂಡೆಗಳ ಬಿರುಕಿನಲ್ಲಿ ಇಳಿದು, ಭೂಮಿಯ ಆಳದ ಬಿಸಿಗೆ ಕಾದು, ಮತ್ತೆ ಮೇಲೆ ಬರುತ್ತದಂತೆ. ಅಂದರೆ ನಾವು ಕೆಳಗಿನಿಂದ ಹತ್ತಿ ಬಂದ ಹಾಗೆ ಅದೂ ಹತ್ತಿ ಬಂದದ್ದೇ, ಅಲ್ವಾ? ಮತ್ತೆ ಆ ದಾರಿ ಎಷ್ಟು ನಾಜೂಕಿನದು ಅನ್ನೋದಕ್ಕೆ ಗೌರಿಕುಂಡವೇ ಸಾಕ್ಷಿ. ಕೇದಾರಕ್ಕೆ ಹತ್ತುವ ಮೊದಲು ಯಾತ್ರಿಕರು ಮೀಯುತ್ತಿದ್ದ ಅಲ್ಲಿನ ಹಳೆಯ ಕುಂಡ 2013ರ ಜೂನ್ ಪ್ರವಾಹದಲ್ಲಿ ಹಾಳಾಯಿತು. ಅದನ್ನು ನೆನೆದು, ಚೊಂಬಿನ ನೀರು ಚೆಲ್ಲುವಾಗಲೂ ಸ್ವಲ್ಪ ಹುಷಾರಾಗಿ ಚೆಲ್ಲಿದೆ. ಕೆಲವರು ಇಲ್ಲೇ ಸೋಪು ಹಚ್ಚಿಕೊಳ್ಳುತ್ತಿದ್ದರು. ದಯವಿಟ್ಟು ಬೇಡ. ಅದು ತೀರ್ಥ.

ನನ್ನ ಅಳುಕು ಹೋದದ್ದು ಅಲ್ಲೇ, ಒದ್ದೆ ಕಲ್ಲಿನ ಮೇಲೆ. ಬದರಿಯ ಕ್ರಮವೇ ಹಾಗಿದೆ. ಮೊದಲು ಕುಂಡದಲ್ಲಿ ಸ್ನಾನ, ಆಮೇಲೆ ಮೆಟ್ಟಿಲು ಹತ್ತಿ ದರ್ಶನ. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಟ್ಟು, ಆಮೇಲೆ ಒಳಗೆ ಕರೆಯುವ ಹಾಗೆ. ಇಲ್ಲಿ ನಾರಾಯಣ ತಪಸ್ಸಿಗೆ ಕೂತಾಗ ಅವನಿಗೆ ಬಿಸಿಲು, ಹಿಮ ತಾಗದಿರಲೆಂದು ಲಕ್ಷ್ಮಿ ಬದರಿ ಮರವಾಗಿ ನಿಂತಳಂತೆ. ಮೈಯ ಕಷ್ಟ ಏನು ಅಂತ ಆ ದಂಪತಿಗೆ ಗೊತ್ತಿಲ್ವಾ?

ಅಮ್ಮ ಸೀರೆ ಬದಲಿಸಿ ಶಾಲು ಹೊದ್ದು ಮೆಟ್ಟಿಲು ಹತ್ತಿದಳು. ಅರ್ಧ ಹತ್ತಿದ ಮೇಲೆ ನೋಡುತ್ತೇನೆ, ನನ್ನ ಕೈ ಹಿಡಿದಿರಲೇ ಇಲ್ಲ. ಸಾಲು ಉದ್ದವಿತ್ತು. ಗರ್ಭಗುಡಿಯ ಮುಂದೆ ಸಿಕ್ಕಿದ್ದು ಕೆಲವೇ ಕ್ಷಣ. ಪದ್ಮಾಸನದಲ್ಲಿ ಕೂತ ಕಪ್ಪು ಶಿಲೆಯ ಸ್ವಾಮಿ, ಕೊರಳ ತುಂಬಾ ತುಳಸಿ.

ಹೊರಗೆ ಬಂದ ಮೇಲೆ ಕೇಳಿದೆ, "ಏನು ಬೇಡಿಕೊಂಡೆ ಅಮ್ಮ?"

"ಏನೂ ಇಲ್ಲ ಕಣೇ. ಬೇರೆ ಕಡೆಯೆಲ್ಲ ಕಾಲುನೋವಿನಲ್ಲೇ ನಿಂತಿದ್ದೆ. ಇವತ್ತು ಸುಮ್ನೆ ಅವನ ಮುಖ ನೋಡಿದೆ" ಅಂದಳು.