ಚಿಗರಿ, ನಮ್ಮ ಮನೆಯ ಮುಧೋಳ ನಾಯಿ

ಚಿಗರಿಯನ್ನು ಕರೆದುಕೊಂಡು ಹೊರಟರೆ ಧಾರವಾಡದ ಯಾವ ಓಣಿಯಲ್ಲಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ಯಾಕ್ರೀ, ನಾಯಿಗೆ ಊಟಾ ಹಾಕಂಗಿಲ್ಲೇನು?" ಪಕ್ಕೆಲುಬು ಕಾಣುತ್ತವೆ, ಹೊಟ್ಟೆ ಬೆನ್ನಿಗೆ ಹತ್ತಿರುತ್ತದೆ. ಆದರೆ ಮುಧೋಳ ತಳಿಯ ಮೈಕಟ್ಟೇ ಅಂಥದ್ದು. ಆಳವಾದ ಎದೆ, ಸಣ್ಣ ಸೊಂಟ, ಉದ್ದನೆಯ ಕಾಲು. ಜೋಳದ ರೊಟ್ಟಿ, ಹಾಲು, ಮೊಟ್ಟೆ ಎಲ್ಲ ಚೆನ್ನಾಗಿ ತಿನ್ನುತ್ತಾಳೆ. ದಪ್ಪ ಮಾಡಲು ಮಾತ್ರ ಹೋಗಬಾರದು.

ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಘೋರ್ಪಡೆ ಅರಸರು ಬೆಳೆಸಿದ ಬೇಟೆ ನಾಯಿ ಇದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಹೆಸರು ಹೇಳಿದ ಮೇಲೆ ಮರಿ ಬೇಕು ಅನ್ನುವವರು ಜಾಸ್ತಿಯಾದರು. ಅವರಲ್ಲಿ ಕೆಲವರು ತಂದು ಗೇಟಿಗೆ ಕಟ್ಟಿಹಾಕುತ್ತಾರೆ. ನನಗೆ ಅದನ್ನು ನೋಡಲಾಗುವುದಿಲ್ಲ.

ಇದು ಮೂಸಿ ಹುಡುಕುವ ನಾಯಿಯಲ್ಲ, ಕಣ್ಣಿನಿಂದ ಬೇಟೆಯಾಡುವ ನಾಯಿ. ಸಂಜೆ ಮಾಳಿಗೆಯ ಮೇಲೆ ಚಿಗರಿ ಇದ್ದಕ್ಕಿದ್ದಂತೆ ನಿಂತುಬಿಡುತ್ತಾಳೆ. ಮುಂದಿನ ಕಾಲೊಂದು ಎತ್ತಿರುತ್ತದೆ, ಬಾಲ ಅಲುಗುವುದಿಲ್ಲ. ನನಗೆ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎರಡು ಓಣಿಯಾಚೆ ಗೋಡೆಯ ಮೇಲೆ ಬೆಕ್ಕೊಂದು ಎದ್ದು ಮೈಮುರಿಯುತ್ತದೆ! ಬಯಲಲ್ಲಿ ಹೀಗೆ ಏನಾದರೂ ಕಂಡು ಓಡಿದರೆ ಎಷ್ಟು ಕೂಗಿದರೂ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಸುತ್ತ ಕಾಂಪೌಂಡ್ ಇದ್ದ ಕಡೆ ಮಾತ್ರ ಹಗ್ಗ ಬಿಚ್ಚುತ್ತೇವೆ. ಅಲ್ಲಿ ನಾಲ್ಕು ಸುತ್ತು ಜೋರಾಗಿ ಓಡಿ ಬಂದಳೆಂದರೆ ಆಮೇಲೆ ಮನೆಯಲ್ಲಿ ಸುಮ್ನೆ ಮಲಗಿರುತ್ತಾಳೆ.

ಅಪರಿಚಿತರು ಮುಟ್ಟುವುದು ಅವಳಿಗೆ ಸೇರುವುದಿಲ್ಲ. ಬೊಗಳುವುದಿಲ್ಲ, ಎದ್ದು ಅವ್ವನ ಕುರ್ಚಿಯ ಹಿಂದೆ ಹೋಗುತ್ತಾಳೆ. ಮೊದಮೊದಲು ನನ್ನ ಮಗಳು ತಬ್ಬಿಕೊಳ್ಳಲು ಹೋದಾಗಲೂ ಹಾಗೇ ಸರಿಯುತ್ತಿದ್ದಳು. ಹುಡುಗಿ ಅತ್ತಳು. "ಮುಟ್ಟಬ್ಯಾಡವಾ, ಅದs ಬರತೈತಿ" ಅಂದಳು ಅವ್ವ. ಹಾಗೇ ಆಯಿತು. ಈಗ ಮಗಳು ಓದಲು ಕುಳಿತರೆ ಚಿಗರಿ ಬಂದು ಮೈಯ ಭಾರವನ್ನೆಲ್ಲ ಅವಳ ತೊಡೆಗೆ ಆನಿಸಿ ನಿಲ್ಲುತ್ತಾಳೆ. ಬೇಟೆ ನಾಯಿ ಎಂದರೆ ಒರಟು ಅಂದುಕೊಂಡವರಿಗೆ ಇದನ್ನು ತೋರಿಸಬೇಕು ಅನ್ನಿಸುತ್ತದೆ.

ಚಳಿ ಮಾತ್ರ ತಡೆಯುವುದಿಲ್ಲ. ಮೈಯಲ್ಲಿ ಕೊಬ್ಬಿಲ್ಲ, ಕೂದಲೂ ಗಿಡ್ಡ, ಅಲ್ವಾ? ಡಿಸೆಂಬರ್‌ನಲ್ಲಿ ಅವ್ವನ ಕೌದಿಯಲ್ಲಿ ಅರ್ಧ ಪಾಲು ಚಿಗರಿಯದೇ. ಇನ್ನೊಂದು ಮಾತು, ಆಪರೇಷನ್ ಮಾಡಿಸುವಾಗ ಇದು ಮುಧೋಳ ತಳಿ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಕೆಲವು ಅರಿವಳಿಕೆ ಔಷಧಗಳ ಅಮಲು ಇಂಥ ನಾಯಿಗಳಿಗೆ ಬೇಗ ಇಳಿಯುವುದಿಲ್ಲ.

ಮರಿ ಬೇಕಾದವರು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಹೋಗುವ ಮೊದಲು ನಿಮ್ಮ ಮನೆಯ ಹತ್ತಿರ ಬೇಲಿಯಿರುವ ಬಯಲು ಎಲ್ಲಿದೆ ಎಂದು ನೋಡಿಕೊಳ್ಳಿ.