ಶುಗರ್ ಮಾತ್ರೆ ನುಂಗಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವುದಿಲ್ಲವೇ?

ನಾನು ಫಾರ್ಮಕಾಲಜಿ ಪಾಠ ಮಾಡುವವನೆಂದು ಗೊತ್ತಾದರೆ ಸಾಕು, ಅರವತ್ತು ದಾಟಿದ ಗಂಡಸರು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳುತ್ತಾರೆ: ‘ಮೆಟ್‌ಫಾರ್ಮಿನ್ ತಗೊಂಡ್ರೆ ಪ್ರಾಸ್ಟೇಟ್ ಕ್ಯಾನ್ಸರ್ ಬರಲ್ವಂತೆ, ಹೌದಾ ಸಾರ್?’ ಮೆಟ್‌ಫಾರ್ಮಿನ್ ಶುಗರ್ ಕಾಯಿಲೆಗೆ ಕೊಡುವ ಮಾತ್ರೆ; ಪ್ರಾಸ್ಟೇಟ್ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ. ಶುಗರ್ ಇಲ್ಲದವರೂ ಕೇಳುತ್ತಾರೆ. ಕೆಲವರಂತೂ ಯಾರ ಅಪ್ಪಣೆಗೂ ಕಾಯದೆ ನುಂಗಲು ಶುರುಮಾಡಿರುತ್ತಾರೆ.

ಹಾಗೆಂದು ತೋರಿಸಿದ ಪುರಾವೆ ಇಲ್ಲ. ಆದರೆ ಈ ಮಾತ್ರೆಗೂ ಆ ಕಾಯಿಲೆಗೂ ಬೇರೊಂದು ಸಂಬಂಧವಿದೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಆಸೆ ಹುಟ್ಟಿದ್ದು ಸ್ಕಾಟ್ಲೆಂಡಿನ ಡಂಡಿಯಲ್ಲಿ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಮಧುಮೇಹಿಗಳಲ್ಲಿ ಕ್ಯಾನ್ಸರ್ ಕಡಿಮೆ ಕಾಣುತ್ತಿದೆ ಎಂದು 2005ರಲ್ಲಿ ಅಲ್ಲಿನ ಸಂಶೋಧಕರು ಬರೆದರು. ಕಾರಣವೂ ಒಪ್ಪುವಂತೆಯೇ ಇತ್ತು. ಈ ಮಾತ್ರೆ ಲಿವರ್ ಹೊರಬಿಡುವ ಸಕ್ಕರೆಯನ್ನು ತಗ್ಗಿಸುತ್ತದೆ, ಅದರಿಂದ ರಕ್ತದಲ್ಲಿನ ಇನ್ಸುಲಿನ್ ಕೂಡ ಇಳಿಯುತ್ತದೆ. ಇನ್ಸುಲಿನ್ ಹೆಚ್ಚಿದ್ದರೆ ಕೆಲವು ಕ್ಯಾನ್ಸರ್ ಕೋಶಗಳು ಚೆನ್ನಾಗಿ ಬೆಳೆಯುತ್ತವೆ. ಅಂಥ ಲೇಖನಗಳು ಒಂದರ ಹಿಂದೆ ಒಂದು ಬಂದವು.

2012ರಲ್ಲಿ ಕೆನಡಾದ ಸಾಮಿ ಸುವಿಸ್ಸಾ ಮತ್ತು ಲೊರಾಂ ಅಜೂಲೆ ಇಂಥ ಅಧ್ಯಯನಗಳ ಲೆಕ್ಕವನ್ನೇ ಕೆದಕಿದರು. ಅವರು ಹಿಡಿದ ಲೋಪ ಸ್ವಾರಸ್ಯದ್ದು. ಷಷ್ಟಿಪೂರ್ತಿ ಶಾಂತಿ ಮಾಡಿಸಿಕೊಂಡವರ ಸರಾಸರಿ ಆಯಸ್ಸು ಮಾಡಿಸಿಕೊಳ್ಳದವರಿಗಿಂತ ಹೆಚ್ಚೇ ಬರುತ್ತದೆ. ಪುರೋಹಿತರ ಮಹಿಮೆಯಿಂದಲ್ಲ, ಅರವತ್ತರವರೆಗೆ ಬದುಕಿದ್ದವರಷ್ಟೇ ಆ ಪಟ್ಟಿಗೆ ಸೇರಬಲ್ಲರು ಎಂಬ ಕಾರಣಕ್ಕೆ. ಮಾತ್ರೆಯ ಲೆಕ್ಕದಲ್ಲೂ ಹಾಗೆಯೇ ಆಗಿತ್ತು: ‘ಮೆಟ್‌ಫಾರ್ಮಿನ್ ಗುಂಪು’ ಸೇರಲು ಮೊದಲ ಚೀಟಿ ಬರೆಸಿಕೊಳ್ಳುವವರೆಗೆ ಕ್ಯಾನ್ಸರ್ ಇಲ್ಲದೆ ಬದುಕಿರಬೇಕು. ಆ ಕಾಯುವ ಕಾಲದ ಪುಣ್ಯವೂ ಮಾತ್ರೆಯ ಖಾತೆಗೇ ಜಮೆಯಾಗುತ್ತಿತ್ತು. ಹಳೆಯ ದಾಖಲೆಗಳನ್ನು ಹೆಕ್ಕಿ ಬರೆದ ‘ಇಂಥದ್ದು ತಿಂದವರಿಗೆ ಕ್ಯಾನ್ಸರ್ ಕಡಿಮೆ’ ಸುದ್ದಿಗಳನ್ನು ನಾನು ಅಂದಿನಿಂದ ಅರ್ಧ ಕಣ್ಣಲ್ಲೇ ಓದುತ್ತೇನೆ.

ಇದನ್ನು ತೀರ್ಮಾನಿಸಲು ಇರುವ ದಾರಿ ಒಂದೇ: ಯಾರಿಗೆ ಮಾತ್ರೆ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ವರ್ಷಗಟ್ಟಲೆ ಕಾಯುವುದು. ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಗಳನ್ನು ಪರೀಕ್ಷಿಸುವ ‘ಸ್ಟ್ಯಾಂಪೀಡ್’ ಎಂಬ ಬ್ರಿಟನ್ನಿನ ದೊಡ್ಡ ಪ್ರಯೋಗದ ಒಂದು ಭಾಗವಾಗಿ ಅದನ್ನು ಮುನ್ನಡೆಸಿದವರು ಸ್ವಿಟ್ಜರ್ಲೆಂಡಿನ ಕ್ಯಾನ್ಸರ್ ತಜ್ಞೆ ಸಿಲ್ಕೆ ಗಿಲ್ಲೆಸನ್. ಕ್ಯಾನ್ಸರ್ ದೇಹದಲ್ಲಿ ಹರಡಿದ್ದ, ಆದರೆ ಮಧುಮೇಹವಿಲ್ಲದ 1,874 ಗಂಡಸರು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ, ಅರ್ಧದಷ್ಟು ಜನಕ್ಕೆ ಅದರ ಜೊತೆ ದಿನಕ್ಕೆರಡು ಬಾರಿ 850 ಮಿಲಿಗ್ರಾಂ ಮೆಟ್‌ಫಾರ್ಮಿನ್. 2024ರ ಸೆಪ್ಟೆಂಬರ್‌ನಲ್ಲಿ ಬಾರ್ಸಿಲೋನಾದ ಸಮ್ಮೇಳನದಲ್ಲಿ ಫಲಿತಾಂಶ ಹೊರಬಿತ್ತು. ಆಯಸ್ಸಿನಲ್ಲಿ ಕಂಡ ವ್ಯತ್ಯಾಸ ಸಣ್ಣದು. ಅದು ಆಕಸ್ಮಿಕವಲ್ಲ ಎಂದು ಹೇಳುವಷ್ಟು ಗಟ್ಟಿಯಿರಲಿಲ್ಲ. ಅದೇ ವರ್ಷ ಟೊರಾಂಟೊದವರು, ಆರಂಭದ ಹಂತದಲ್ಲಿದ್ದು ಬರೀ ನಿಗಾದಲ್ಲಿಟ್ಟ ರೋಗಿಗಳಿಗೆ ಕೊಟ್ಟು ನೋಡಿದ್ದರು. ಅಲ್ಲೂ ಕಾಯಿಲೆ ಮುಂದುವರಿಯುವುದು ನಿಲ್ಲಲಿಲ್ಲ.

ಆದರೆ ಗಿಲ್ಲೆಸನ್ ತಂಡದ ಫಲಿತಾಂಶದಲ್ಲಿ ಇನ್ನೊಂದು ಸಾಲಿತ್ತು. ಮಾತ್ರೆ ತೆಗೆದುಕೊಂಡವರ ತೂಕ, ಸಕ್ಕರೆ, ಕೊಲೆಸ್ಟರಾಲ್ ಉಳಿದವರಿಗಿಂತ ಹತೋಟಿಯಲ್ಲಿದ್ದವು. ಬದಲಿಗೆ ಭೇದಿಯ ಕಾಟ ಸ್ವಲ್ಪ ಹೆಚ್ಚು.

ಇದು ಏಕೆ ಮುಖ್ಯ ಎಂದು ತಿಳಿಯಬೇಕಾದರೆ ಮಾಮೂಲಿ ಚಿಕಿತ್ಸೆ ಏನೆಂದು ನೋಡಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಬಲದ ಮೇಲೆ ಬೆಳೆಯುತ್ತದೆ ಎಂದು 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ತೋರಿಸಿಕೊಟ್ಟರು; 1966ರಲ್ಲಿ ನೊಬೆಲ್ ಬಂತು. ಆಗ ಅದನ್ನು ತಯಾರಿಸುವ ವೃಷಣವನ್ನೇ ತೆಗೆಯುತ್ತಿದ್ದರು. ಈಗ ಹೆಚ್ಚಾಗಿ ತಿಂಗಳಿಗೋ ಮೂರು ತಿಂಗಳಿಗೋ ಆ ಹಾರ್ಮೋನನ್ನು ತಗ್ಗಿಸುವ ಒಂದು ಇಂಜೆಕ್ಷನ್. ಕ್ಯಾನ್ಸರ್ ಕುಗ್ಗುತ್ತದೆ, ಜೊತೆಗೆ ಸ್ನಾಯು ಕರಗಿ ಕೊಬ್ಬು ಸೇರುತ್ತದೆ, ಇನ್ಸುಲಿನ್ನಿನ ಮಾತನ್ನು ದೇಹ ಕೇಳದಂತಾಗುತ್ತದೆ. 2006ರಲ್ಲಿ ನ್ಯಾನ್ಸಿ ಕೀಟಿಂಗ್ ಮತ್ತವರ ಸಂಗಡಿಗರು ಅಮೆರಿಕದ 73,196 ವೃದ್ಧ ರೋಗಿಗಳ ದಾಖಲೆ ನೋಡಿದಾಗ, ಈ ಇಂಜೆಕ್ಷನ್ ಪಡೆದವರಿಗೆ ಮಧುಮೇಹ ಬರುವ ಅಪಾಯ ಸುಮಾರು 44 ಶೇಕಡಾ ಹೆಚ್ಚಿತ್ತು. (ಇದೂ ದಾಖಲೆಯ ಲೆಕ್ಕವೇ ಎಂದು ನೀವು ನನ್ನ ಕಾಲೆಳೆಯಬಹುದು. ಆದರೆ ಸ್ವಲ್ಪ ಜನರನ್ನೇ ಇಟ್ಟುಕೊಂಡು ಇಂಜೆಕ್ಷನ್ನಿಗೆ ಮೊದಲು, ಆಮೇಲೆ ಅಳೆದು ನೋಡಿದಾಗಲೂ ಇನ್ಸುಲಿನ್ ಏರಿದ್ದು, ಅಂದರೆ ದೇಹ ಅದರ ಮಾತು ಕೇಳದಾದದ್ದು, ಕಂಡಿದೆ.)

ಅಂದರೆ ಜನ ಕೇಳುವ ಪ್ರಶ್ನೆ ತಲೆಕೆಳಗಾಗಿದೆ. ಶುಗರ್ ಮಾತ್ರೆ ಕ್ಯಾನ್ಸರನ್ನು ತಡೆಯುತ್ತದೆಯೇ ಎನ್ನುವುದಕ್ಕಿಂತ, ಕ್ಯಾನ್ಸರ್ ಚಿಕಿತ್ಸೆ ತರುವ ಶುಗರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಬೇಕು. ನಮ್ಮಲ್ಲಿ ಇಂಜೆಕ್ಷನ್ ಕೊಡುವವರು ಯೂರಾಲಜಿಸ್ಟ್ ಅಥವಾ ಕ್ಯಾನ್ಸರ್ ಡಾಕ್ಟರು, ಶುಗರ್ ನೋಡುವವರು ಊರಿನ ಇನ್ನೊಬ್ಬರು. ಒಬ್ಬರ ಚೀಟಿ ಇನ್ನೊಬ್ಬರ ಕೈಸೇರುವುದೇ ಅಪರೂಪ. ಈ ಕ್ಯಾನ್ಸರಿನ ಏರಿಳಿತ ತೋರಿಸುವ ರಕ್ತಪರೀಕ್ಷೆಯ ಪಿಎಸ್ಎ ಅಂಕಿ ಇಳಿಯಿತೆಂದು ಮನೆಯವರೆಲ್ಲ ನಿರಾಳವಾಗಿರುವಾಗ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಕಡೆ ಯಾರ ಕಣ್ಣೂ ಹೋಗಿರುವುದಿಲ್ಲ.

ಹಾಗಾಗಿ ಮನೆಯಲ್ಲಿ ಯಾರಾದರೂ ಈ ಇಂಜೆಕ್ಷನ್ ಶುರುಮಾಡುವವರಿದ್ದರೆ, ಮೊದಲ ಡೋಸಿಗೆ ಮುಂಚೆ ಒಮ್ಮೆ ಖಾಲಿಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ ಮಾಡಿಸಿ, ಆಮೇಲೆ ಡಾಕ್ಟರು ಹೇಳಿದ ಅಂತರದಲ್ಲಿ ಮತ್ತೆ ಮಾಡಿಸಿ. ನಡಿಗೆ, ತೂಕ ಎತ್ತುವ ಸಣ್ಣ ವ್ಯಾಯಾಮ ಬಿಡಬೇಡಿ. ಮೆಟ್‌ಫಾರ್ಮಿನ್ ಬೇಕೇ ಎಂಬುದನ್ನು ಡಾಕ್ಟರೇ ಹೇಳಲಿ, ಅದೂ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ನೋಡಿದ ಮೇಲೆ. ಕಿಡ್ನಿ ತೀರಾ ಸೋತವರಿಗೆ ಆ ಮಾತ್ರೆ ಕೊಡುವಂತಿಲ್ಲ.