ಹೇಳುತ್ತಲೇ ಬರೆಯುತ್ತಿದ್ದ ಮೇಷ್ಟ್ರು

ಗಣಿತದ ಮೇಷ್ಟ್ರು ತೀರಿಕೊಂಡ ಸುದ್ದಿ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ನಮ್ಮ ಬ್ಯಾಚಿನವರೆಲ್ಲ ಅವರ ಗಡಸು ದನಿಯನ್ನು, ಗದರಿಕೆಯನ್ನು ನೆನೆದರು. ನನಗೆ ನೆನಪಾದದ್ದು ಬೇರೆ. ಬೋರ್ಡಿನ ಮೇಲೆ ಏನು ಬರೆದರೂ ಅವರು ಬಾಯಲ್ಲಿ ಹೇಳುತ್ತಲೇ ಬರೆಯುತ್ತಿದ್ದರು. “ಎಕ್ಸ್ ಸ್ಕ್ವೇರ್ ಪ್ಲಸ್ ಐದು ಎಕ್ಸ್ ಪ್ಲಸ್ ಆರು.” “ಇದನ್ನು ಅಲ್ಲಿಗೆ ಹಾಕಿ”, “ಇಲ್ಲಿ ನೋಡಿ” ಎಂಬ ಮಾತು ಅವರ ಬಾಯಿಂದ ಬಂದದ್ದೇ ಇಲ್ಲ. ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದ ನಮ್ಮ ಗೆಳತಿಗೆ ಕಣ್ಣು ಕಾಣುತ್ತಿರಲಿಲ್ಲ.

ಅವಳನ್ನು ಸೇರಿಸಿಕೊಳ್ಳುವುದೇ ಬೇಡವೆಂದು ಸ್ಟಾಫ್ ರೂಮಿನಲ್ಲಿ ದೊಡ್ಡ ಚರ್ಚೆಯೇ ಆಗಿತ್ತಂತೆ. ಅಂಥವರಿಗೆಂದೇ ಬೇರೆ ಶಾಲೆ ಇದೆಯಲ್ಲ, ಪಾಠ ಮುಗಿಯುವುದಿಲ್ಲ, ರಿಸಲ್ಟ್ ಬೀಳುತ್ತದೆ. ಹೀಗೆ ಹೇಳಿದವರು ಯಾರೂ ಕೆಟ್ಟವರಲ್ಲ. ನಮ್ಮನ್ನು ಪ್ರೀತಿಯಿಂದ ಓದಿಸಿದವರೇ. ಕೆಲವು ಪಾಲಕರೂ ಬಂದು ಆಕ್ಷೇಪಿಸಿದರು. ಮೇಷ್ಟ್ರು ವಾದಕ್ಕೆ ನಿಲ್ಲಲಿಲ್ಲ. “ನನ್ನ ಕ್ಲಾಸಿನಲ್ಲಿ ಕೂರಲಿ, ಸಿಲಬಸ್ಸಿನ ಹೊಣೆ ನನ್ನದು” ಎಂದರಂತೆ. ಆಮೇಲೆ ತಾವೇ ಕೂತು, ಬೆರಳಿನಿಂದ ಮುಟ್ಟಿ ಓದುವ ಉಬ್ಬುಚುಕ್ಕಿಗಳ ಬ್ರೈಲ್ ಲಿಪಿ ಕಲಿತರು. ಟೇಲರ್ ಫ್ರೇಮ್ ಎಂಬ ಲೆಕ್ಕದ ಹಲಗೆಯನ್ನೂ ಕಲಿತರು. ಅದರ ತುಂಬ ಎಂಟು ಮೂಲೆಯ ರಂಧ್ರಗಳು. ಲೋಹದ ಅಚ್ಚನ್ನು ತಿರುಗಿಸಿ ನೆಟ್ಟ ದಿಕ್ಕಿನ ಮೇಲೆ ಅಂಕಿ ಯಾವುದೆಂದು ಬೆರಳಿಗೆ ತಿಳಿಯುತ್ತದೆ.

ಒಂದು ದಿನ ಪಾಠ ಬಿಟ್ಟು ಲೂಯಿ ಬ್ರೈಲ್‌ನ ಕಥೆ ಹೇಳಿದರು. ಕುದುರೆಯ ಜೀನು ಹೊಲಿಯುವ ಅಪ್ಪನ ಕಾರ್ಯಾಗಾರದಲ್ಲಿ ಆಡುತ್ತ ಮೂರನೆಯ ವಯಸ್ಸಿನಲ್ಲಿ ದಬ್ಬಳ ಕಣ್ಣಿಗೆ ಚುಚ್ಚಿಸಿಕೊಂಡವನು, ಹದಿನೈದರ ಹೊತ್ತಿಗೆ, 1824ರಲ್ಲಿ, ಆರು ಚುಕ್ಕಿಗಳ ಲಿಪಿ ಕಟ್ಟಿದ. ಅವನು ಓದಿ, ಪಾಠ ಮಾಡಿದ ಪ್ಯಾರಿಸ್ಸಿನ ಅಂಧರ ಶಾಲೆಯೇ ಆ ಲಿಪಿಯನ್ನು ಕೆಲಕಾಲ ನಿಷೇಧಿಸಿತು. ಹುಡುಗರು ಕದ್ದುಮುಚ್ಚಿ ಅದರಲ್ಲೇ ಬರೆದುಕೊಂಡರು. ಶಾಲೆ ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಅವನು ತೀರಿಕೊಂಡು ಎರಡು ವರ್ಷದ ಮೇಲೆ. ಅಂಧರಿಗೆಂದೇ ಕಟ್ಟಿದ ಶಾಲೆ ಕೂಡ ಅಂಧ ಹುಡುಗನ ಮಾತಿಗೆ ಇಷ್ಟು ಕಾಯಿಸಿತಲ್ಲ ಎಂಬ ಸಿಟ್ಟು ನನ್ನಲ್ಲಿ ಇವತ್ತಿಗೂ ಆರಿಲ್ಲ.

ಕದ್ದುಮುಚ್ಚಿ ಎಂಬ ಮಾತು ನಮ್ಮ ಕಿವಿಗೆ ಸರಿಯಾಗಿ ಬಿತ್ತು! ಅವಳೇ ನಮಗೆ ಗುರು. ಒಂದನೆಯ ಚುಕ್ಕಿ ‘ಅ’, ಒಂದು ಮತ್ತು ಮೂರು ಸೇರಿದರೆ ‘ಕ’. ದಪ್ಪ ಕಾಗದವನ್ನು ಸಾಲು ಕಿಂಡಿಗಳ ಬ್ರೈಲ್ ಸ್ಲೇಟಿಗೆ ಸಿಕ್ಕಿಸಿ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು. ಮಗುಚಿದರೆ ಎಡದಿಂದ ಬಲಕ್ಕೆ ಓದಬಹುದು. ಚುಚ್ಚುವಾಗ ಟಕ್ ಟಕ್ ಸದ್ದಾಗುವುದರಿಂದ ಬಿಡುವಿನಲ್ಲೇ ಚೀಟಿ ಬರೆದಿಟ್ಟು, ಸಮಾಜ ವಿಜ್ಞಾನದ ಅವಧಿಯಲ್ಲಿ ಸಾಗಿಸುತ್ತಿದ್ದೆವು. ಕಣ್ಣು ಬೋರ್ಡಿನ ಮೇಲೆ, ಬೆರಳು ಡೆಸ್ಕಿನ ಕೆಳಗೆ. ಒಂದು ದಿನ ಚೀಟಿ ಸಮಾಜದ ಮೇಷ್ಟ್ರ ಕೈಗೆ ಸಿಕ್ಕಿತು. ಅವರು ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ಬಿಳಿ ಕಾಗದದ ಮೇಲೆ ಬರೀ ಉಬ್ಬು. ಗಣಿತದ ಮೇಷ್ಟ್ರನ್ನೇ ಕರೆಸಿದರು. ಅವರು ಬೆರಳಾಡಿಸಿ, “ಕಾಗುಣಿತ ಮೂರು ಕಡೆ ತಪ್ಪಿದೆ” ಎಂದಷ್ಟೇ ಹೇಳಿದರು. ಸಂಚುಗಾರರೆಲ್ಲ ಎದ್ದು ನಿಂತೆವು. ಸಮಾಜದ ಮೇಷ್ಟ್ರು, “ನೀನು ಕೂತ್ಕೋಮ್ಮ, ನಿನ್ನದೇನೂ ತಪ್ಪಿಲ್ಲ” ಎಂದು ಅವಳಿಗೆ ಮಾತ್ರ ವಿನಾಯಿತಿ ಕೊಟ್ಟರು. ಅವಳು ಕೂರಲಿಲ್ಲ. “ಬರೆದದ್ದೇ ನಾನು ಸರ್. ನನಗೂ ಶಿಕ್ಷೆ ಕೊಡಿ.”

ಸಮಾನತೆಯ ಬಗ್ಗೆ ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ಇಷ್ಟು ಚೊಕ್ಕವಾಗಿ ಹೇಳಿದವರನ್ನು ಕಾಣೆ.

ಗಣಿತದ ಮೇಷ್ಟ್ರು ಕೊಟ್ಟ ಶಿಕ್ಷೆ: ಸಮಾಜ ವಿಜ್ಞಾನದ ಪಾಠಗಳನ್ನು ಹಂಚಿಕೊಂಡು ಬ್ರೈಲಿನಲ್ಲಿ ಬರೆಯಬೇಕು, ತಪ್ಪು ಹಿಡಿದು ವಾಪಸು ಕೊಡುವುದು ಅವಳ ಪಾಲಿನ ಶಿಕ್ಷೆ. ಅಲ್ಲಿಯವರೆಗೆ ಅವಳಿಗೆ ಆ ವಿಷಯದ ಪುಸ್ತಕವೇ ಇರಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಇತ್ತು. ಅವರು ಹೇಳುತ್ತ ಬರೆದದ್ದರಿಂದ ಅವಳೊಬ್ಬಳಿಗೇ ಲಾಭವಾಯಿತು ಅಂತಲೂ ಅಲ್ಲ. ಹಿಂದಿನ ಬೆಂಚಿನ ಮಂದದೃಷ್ಟಿಯ ಹುಡುಗ, ಬೇರೆ ಮನೆಮಾತಿನಿಂದ ಬಂದು ತಡವರಿಸುತ್ತಿದ್ದವನು, ಎಲ್ಲರೂ ಪಾಠ ಹಿಡಿದುಕೊಂಡರು. ಅವರು ಕಲಿಸಿದ ಪ್ರಮೇಯಗಳಲ್ಲಿ ಒಂದೂ ನನಗೀಗ ನೆನಪಿಲ್ಲ.

1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ, ಸಾಮಾನ್ಯ ಶಾಲೆಗಳು ಎಲ್ಲ ಮಕ್ಕಳಿಗೂ ತೆರೆದಿರಬೇಕೆಂದು ಘೋಷಿಸಿದರು. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 24ನೆಯ ವಿಧಿ ಅದನ್ನು ಹಕ್ಕು ಎಂದೇ ಕರೆಯಿತು. ಇಂದು ಶಾಲೆಗಳ ಕರಪತ್ರದಲ್ಲಿ ‘ಸಮನ್ವಯ ಶಿಕ್ಷಣ’ ಎಂದು ದಪ್ಪಕ್ಷರದಲ್ಲಿರುತ್ತದೆ. ಒಳಗೆ ಹೋದರೆ ಸ್ಮಾರ್ಟ್ ಬೋರ್ಡಿನ ಮುಂದೆ ನಿಂತವರು “ಇಲ್ಲಿ ನೋಡಿ” ಎನ್ನುತ್ತಲೇ ಇರುತ್ತಾರೆ. ರ‍್ಯಾಂಪಿನ ತುದಿಯ ಬಾಗಿಲಿಗೆ ಬೀಗ. ಮಗುವನ್ನು ಸೇರಿಸಿಕೊಂಡದ್ದೇ ಉಪಕಾರವೆಂಬ ಭಾವನೆ ಹೋಗಿಲ್ಲ. ಬಂದ ಮಗುವಿಗಾಗಿ ಶಾಲೆ ತಾನು ಏನು ಬದಲಾಯಿಸಿಕೊಂಡಿತು ಎಂದು ಕೇಳುವವರಿಲ್ಲ. ನಾನು ಮುಖ್ಯಸ್ಥನಾಗಿರುವ ಶಾಲೆಯಲ್ಲಿ ಹೊಸದಾಗಿ ಸೇರುವ ಪ್ರತಿ ಶಿಕ್ಷಕರಿಗೂ ಮೊದಲ ವಾರ ಹೇಳುತ್ತ ಬರೆಯುವುದನ್ನೇ ಅಭ್ಯಾಸ ಮಾಡಿಸುತ್ತೇನೆ. ಮೊದಮೊದಲು ಗೊಣಗಿದವರೇ ಈಗ ಉಳಿದವರಿಗೆ ಕಲಿಸುತ್ತಿದ್ದಾರೆ. ಈ ಹೆಮ್ಮೆಯನ್ನು ನಾನು ಬಚ್ಚಿಡುವುದಿಲ್ಲ.

ಹಳೆಯ ವಿದ್ಯಾರ್ಥಿಗಳ ಸಂಘ ಮೇಷ್ಟ್ರ ಭಾವಚಿತ್ರ ಹಾಕಿಸಬೇಕೆಂದಿದೆ. ಹಾಕಿಸಲಿ. ಜೊತೆಗೆ, ಶಾಲೆ ಶುರುವಾಗುವ ದಿನವೇ ಉಳಿದ ಮಕ್ಕಳ ಪುಸ್ತಕಗಳೊಂದಿಗೆ ಬ್ರೈಲ್ ಪುಸ್ತಕಗಳೂ ಕೈಗೆ ಸಿಗುವಂತೆ ಅವರ ಹೆಸರಿನಲ್ಲಿ ಒಂದು ನಿಧಿ ಇಡೋಣ. ಮೊದಲ ವರ್ಷದ ಖರ್ಚು ನನ್ನದು. ಪ್ರೂಫ್ ನೋಡಲು ನಮ್ಮ ಗೆಳತಿ ಒಪ್ಪಿದ್ದಾಳೆ. ಟೈಪ್ ಮಾಡಲು ಜನ ಬೇಕು.